ಬೇರಿಲ್ಲದ ನೀಲಗಿರಿ

ಆದವಾನಿಯ ನಮ್ಮ ಮಹಿಳಾ ಸಂಘ ಯಾರನ್ನಾದರೂ ಉದ್ಧಾರ ಮಾಡಲು ಹೊರಟಿತೆಂದರೆ ನಗೆಪಾಟಲಾಗದೆ ಮರಳಿದ್ದಿಲ್ಲ. ಕಾರ್ಯದರ್ಶಿಯಾಗಿ ನಡವಳಿ ಪುಸ್ತಕ ಬರೆದವಳು ನಾನೇ. ಆದ್ದರಿಂದ ಅಧಿಕಾರದಿಂದ ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮಗೆ ನಾಗಲದಿನ್ನೆ ಕಡೆಯ ಒಂದು ಬೀಳು ನೆಲದಲ್ಲಿ ನೀಲಗಿರಿ ನೆಡುವ ಹುಚ್ಚು ಹಿಡಿದಿತ್ತು. ಗಿಡ ಚಿಗುರಿದರೆ ಸರಕಾರ ಬೇಲಿ ಹಾಕಿಸುತ್ತಿತ್ತು. ಬೇಲಿ ಎದ್ದರೆ, ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳ ಮಂದೆಗೆ ಮೇವಿಲ್ಲ. ಅವಳನ್ನು ಕೇಳಬೇಕೆಂದು ನಮಗೆ ತೋಚಲೇ ಇಲ್ಲ.

ನೇರ ಸಾಲು

ಕಾನ್ವೆಂಟಿನಲ್ಲಿ ಗೆರೆ ಡೊಂಕಾದರೆ ಸಿಸ್ಟರ್ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಆ ಶಿಸ್ತಿನಿಂದಲೇ ನಾನು ಹಗ್ಗ ಎಳೆದು, ಇಳಿಜಾರಿನುದ್ದಕ್ಕೂ ನೇರವಾಗಿ ಗುಂಡಿ ತೋಡಿಸಿದೆ. ಅಜ್ಜಿ ಕೋಲೂರಿ ನೋಡಿದಳು.

“ಅಮ್ಮಾರ, ಮಳಿನೀರು ಇದ ದಾರ್‍ಯಾಗ ಹರೀತೈತಿ.”

“ಸಾಲು ನೇರವಾಗಿರಬೇಕಮ್ಮ.”

ಮೊದಲ ಮಳೆಗೇ ಅರ್ಧ ಸಸಿಗಳು ಹಳ್ಳ ಸೇರಿದವು. ಅಜ್ಜಿ ಬಂದು ಸಮಾಧಾನ ಹೇಳಿದಳು: “ಸಾಲೇನು ಕೆಟ್ಟಿಲ್ರಿ ಅಮ್ಮಾರ. ಒಂದರ ಹಿಂದ ಒಂದು, ನೇರಕ್ಕ ಹೋದವು.”

ನೆರಳಿನ ಭಾಷಣ

ನಮ್ಮ ಅಧ್ಯಕ್ಷಿಣಿಯವರು ಅಲ್ಲೇ ಕುರ್ಚಿ ಹಾಕಿಸಿಕೊಂಡು, ಕುರಿ ಕಾಯುವವರಿಗೆ ಗಿಡದ ಬೆಲೆ ತಿಳಿಯದೆಂದು ಒಂದು ಗಂಟೆ ಮಾತಾಡಿದರು. ಕುಳಿತದ್ದು ಜಾಲಿಮರದ ನೆರಳಲ್ಲಿ. ಕೊನೆಗೆ, “ಈ ಮರ ನೆಟ್ಟ ಪುಣ್ಯಾತ್ಮರು ಯಾರು?” ಎಂದು ಕೇಳಿದರು.

“ಕುರಿರಿ,” ಎಂದಳು ಅಜ್ಜಿ. “ಜಾಲಿಕಾಯಿ ತಿಂತಾವು. ಮಂದೆ ನಿಲ್ಲಿಸಿದಲ್ಲಿ ಹಿಕ್ಕಿಯಾಗಿನ ಬೀಜ ಮೊಳೀತಾವು. ಸಸಿ ಎದ್ದ ಜಾಗಕ್ಕ ನಾವು ಎರಡು ಮಳಿಗಾಲ ಕುರಿ ಬಿಡಂಗಿಲ್ಲ. ಅಷ್ಟ ಕೆಲಸ. ಭಾಷಣ ಮಾತ್ರ ಅವಕ್ಕ ಬರಂಗಿಲ್ರಿ.”

ತಪಾಸಣೆ

ಉಳಿದ ಸಸಿಗಳು ಬೇಸಿಗೆಗೆ ಒಣಗಿದವು. ಅಷ್ಟರಲ್ಲಿ ಅಧಿಕಾರಿ ತಪಾಸಣೆಗೆ ಬರುವ ಸುದ್ದಿ ಬಂತು. ಅಧ್ಯಕ್ಷಿಣಿಯವರು ಬೆಳಿಗ್ಗೆಯೇ ನೀಲಗಿರಿಯ ಹಸಿರು ರೆಂಬೆಗಳನ್ನು ತರಿಸಿ ಗುಂಡಿಗಳಲ್ಲಿ ನೆಡಿಸಿದರು. ಸಾಲು ನೇರವಿದೆಯೇ ಎಂದು ನೋಡಿದವಳು ನಾನು.

ಅಧಿಕಾರಿ ಮೆಚ್ಚಿಕೊಂಡು, ಬೇಲಿಯ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಅಜ್ಜಿಯನ್ನು ಕಂಡು ತೆಲುಗಿನಲ್ಲಿ, “ಏಮವ್ವಾ, ನೀ ಗೊರ್ರೆಲು ಈ ಚೆಟ್ಲು ತಿನಲೇದಾ?” ಎಂದು, ಅವಳ ಕುರಿಗಳು ಈ ಗಿಡ ತಿನ್ನಲಿಲ್ಲವೇ ಎಂದು ವಿಚಾರಿಸಿದರು.

“ಕುರಿ ನೀಲಗಿರಿ ಮೂಸೂದಿಲ್ರಿ ಸಾಹೇಬ್ರ,” ಎನ್ನುತ್ತಾ ಅಜ್ಜಿ ಒಂದು ರೆಂಬೆಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ ತೋರಿಸಿದಳು. “ಸಂಘದವರು ಎಲಿ ಕೊಟ್ಟಾರ. ಬೇರು ಯಾವಾಗ ಕೊಡ್ತಾರ, ಸ್ವಲ್ಪ ಕೇಳ್ರಿ.”

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಬೇಲಿ ಏಳಲಿಲ್ಲ. ನಾವು ಕಾರು ಹತ್ತುವ ಮೊದಲೇ ಕುರಿಗಳು ಬೀಳಿಗಿಳಿದಿದ್ದವು.

ದಾರಿಯಲ್ಲಿ ಅಧ್ಯಕ್ಷಿಣಿಯವರು ಮೆಲ್ಲಗೆ ಕೇಳಿದರು: “ನಡವಳಿಯಲ್ಲಿ ಏನಂತ ಬರೀತೀರಿ?”

ಮನೆಗೆ ಬಂದು, ಗೆರೆ ತಪ್ಪದ ಕಾನ್ವೆಂಟ್ ಅಕ್ಷರದಲ್ಲಿ ಬರೆದೆ: “ಬೇರಿನ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.”