ಪುರ್ತಗೇರಿಯಿಂದ ಹತ್ತು ಗಂಟೆಯ ತಾಸಿಗೆ

ಅಂದು ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ವರಿದ್ದೆವು. ಪ್ರಿನ್ಸಿಪಾಲರು, ಹಾಜರಿ ಪುಸ್ತಕ ಹಿಡಿದ ಕ್ಲಾರ್ಕ್ ಬಸಪ್ಪ, ಬಿ.ಎ. ಕೊನೆಯ ವರ್ಷದ ರೆಹಾನಾ ಮತ್ತು ಅವಳ ಮಾರ್ಗದರ್ಶಕನಾದ ನಾನು. ಗಜೇಂದ್ರಗಡದ ನಮ್ಮ ಕಾಲೇಜಿನಲ್ಲಿ ಆ ವರ್ಷ ಪ್ರತಿ ಅಧ್ಯಾಪಕನಿಗೂ ಹದಿನೈದು ವಿದ್ಯಾರ್ಥಿಗಳನ್ನು ಹಂಚಿ, ಇವರಿಗೆ ದಾರಿ ತೋರಿಸಿ ಎಂದಿದ್ದರು. ದಾರಿ ತೋರಿಸುವುದರಲ್ಲಿ ನನಗೆ ಮೊದಲಿನಿಂದಲೂ ಉತ್ಸಾಹ ಹೆಚ್ಚು.

ರೆಹಾನಾ ಪುರ್ತಗೇರಿಯವಳು. ತಂದೆ ಗಾದಿ ಹೊಲಿಯುತ್ತಾರೆ. ಹುಡುಗಿ ಜಾಣೆ, ಆದರೆ ಬೆಳಿಗ್ಗೆ ಹತ್ತರ ಮೊದಲ ತಾಸಿಗೆ, ಅಂದರೆ ನನ್ನ ಇತಿಹಾಸದ ತಾಸಿಗೆ, ವಾರದಲ್ಲಿ ಮೂರು ದಿನ ಇರುತ್ತಿರಲಿಲ್ಲ. ಇನ್ನೊಂದೇ ಒಂದು ತಾಸು ತಪ್ಪಿದರೂ ಹಾಲ್ ಟಿಕೆಟ್ ಬರುವುದಿಲ್ಲವೆಂದು ಬಸಪ್ಪ ಹೇಳಿದ. ಈ ಪರೀಕ್ಷೆ ತಪ್ಪಿದರೆ ಅವಳಪ್ಪ ಓದು ಬಿಡಿಸುವವರಿದ್ದರು.

"ಬಸ್ಸಿನ ಸಲುವಾಗಿ ತಡಾ ಆಗತೈತ್ರಿ ಸರ್," ಎಂದಳು ರೆಹಾನಾ.

ಸಮಯಪಾಲನೆಯ ಮಹತ್ವ ಕುರಿತು ನಾನು ಅರ್ಧ ತಾಸು ಮಾತಾಡಿದೆ. ಅಷ್ಟರಲ್ಲಿ ಅವಳ ಸಂಜೆಯ ಬಸ್ಸೂ ಹೋಯಿತು.

ಮನೆಗೆ ಬಂದು ಇದನ್ನೆಲ್ಲ ಹೆಮ್ಮೆಯಿಂದ ಹೆಂಡತಿಗೆ ವರದಿ ಮಾಡಿದೆ. ಅವಳ ತವರು ಪುರ್ತಗೇರಿ ಎಂಬುದು ಆ ಹೊತ್ತಿಗೆ ಮರೆತಿತ್ತು.

"ಆ ಬಸ್ಸಿನ ಸುದ್ದಿ ನಿಮಗೇನ್ ಗೊತ್ರಿ? ನಮ್ಮ ಮದುವಿ ಮುಹೂರ್ತ ತಪ್ಪಿದ್ದು ಅದರಿಂದನ," ಎಂದಳು. "ನೀವ ಒಂದಿನ ಅಲ್ಲಿಂದ ಹತ್ತಕ್ಕ ಬಂದು ತೋರಸ್ರಿ."

ಸವಾಲನ್ನು ಸ್ವೀಕರಿಸಲಾಯಿತು! ಮರುದಿನ ಸಂಜೆಯೇ ಮಾವನ ಮನೆ ಸೇರಿದೆ.

ಬೆಳಿಗ್ಗೆ ಅತ್ತೆಯವರು ಬಿಸಿರೊಟ್ಟಿ ಉಂಡು ಹೋಗಿರೆಂದು ಎಷ್ಟು ಹೇಳಿದರೂ ಕೇಳದೆ ಎಂಟೂವರೆಗೆ ನಿಲ್ದಾಣದಲ್ಲಿ ನಿಂತೆ. ರೆಹಾನಾ ಆಗಲೇ ಬಂದಿದ್ದಳು. ನನ್ನ ಭಾಷಣದ ಫಲ ಎಂದುಕೊಂಡೆ. ದಿನಾಲೂ ಇಷ್ಟೊತ್ತಿಗೇ ಬರುತ್ತಾಳಂತೆ.

ಒಂಬತ್ತಕ್ಕೆ ಬಸ್ಸು ಬಂತು. ಬಾಗಿಲಲ್ಲೂ ಮಂದಿ ಜೋತಾಡುತ್ತಿದ್ದರು. ಕಂಡಕ್ಟರ್ ಒಳಗಿನಿಂದ ಕೈ ಬೀಸಿದ; ನಾನೂ ಗೌರವದಿಂದ ಕೈ ಬೀಸಿದೆ. ಬಸ್ಸು ನಿಲ್ಲಲಿಲ್ಲ. ಕೊಡೆ ಎತ್ತಿ ಬೆನ್ನಟ್ಟಿದೆ. ಚಪ್ಪಲಿಯ ಉಂಗುಟ ಕಿತ್ತುಹೋಯಿತು.

ಬಹಳ ಹೊತ್ತು ಕಾದ ಮೇಲೆ ಒಂದು ಟಂಟಂ ಆಟೋ ಬಂತು. ಅದರಲ್ಲಿ ಒಬ್ಬರಿಗೆ ಜಾಗವಿತ್ತು.

"ಸರ್, ನೀವು ಕೂಡ್ರಿ. ನಿಮ್ಮ ತಾಸು ಐತಿ," ಎಂದಳು ರೆಹಾನಾ.

ಗುರುವಾದವನು ತಡಮಾಡಬಾರದು. ಕೂತೆ. ಟಂಟಂ ಊರ ಹೊರಗಿನ ತಿರುವು ದಾಟಿದ ಮೇಲೆ ಹೊಳೆಯಿತು: ನನ್ನ ತಾಸೂ ಅವಳ ತಾಸೂ ಒಂದೇ! ಗಾಡಿ ತಿರುಗಿಸೆಂದರೆ ಒಳಗಿದ್ದವರೆಲ್ಲ ನನ್ನನ್ನೇ ನೋಡಿದರು. ಚಾಲಕ ತಿರುಗಿಸಲಿಲ್ಲ. ಮೂರು ಕಡೆ ಗಾಡಿ ನಿಲ್ಲಿಸಿ ಶೇಂಗಾದ ಚೀಲ ಮಾತ್ರ ಇಳಿಸಿದ.

ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಕಾಲೇಜು ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಹುಡುಗರು ಹಾಜರಿಯೂ ಇಲ್ಲದೆ ಎದ್ದು ಹೋಗಿದ್ದರು. ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿ ಅಧ್ಯಾಪಕರ ಹಾಜರಿ ಮಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆದರು. ಹನ್ನೊಂದೂಕಾಲಕ್ಕೆ ರೆಹಾನಾ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ತುಂಬಿದ್ದವು. ಅವಳ ಜಾಗದಲ್ಲಿ ನಾನು ಕೂತು ಬಂದಿದ್ದನ್ನು ಹೇಳಿ, ಹಾಜರಿ ಕೊಡಿರೆಂದು ಕೇಳಿಕೊಂಡೆ.

"ಬರದಾಕಿಗೆ ಹಾಜರಿ ಹ್ಯಾಂಗ ಹಾಕೂದ್ರಿ?" ಎಂದರು ಪ್ರಿನ್ಸಿಪಾಲರು.

ಬಸಪ್ಪ ಪುಸ್ತಕದಿಂದ ತಲೆ ಎತ್ತಿದ. "ಹಾಜರಿ ಬ್ಯಾಡ್ರಿ ಸರ್, ಗೈರುಹಾಜರಿನೂ ಬ್ಯಾಡ. ಈ ಸರ್ ಅವರ ಬಂದಿಲ್ಲಂದ್ರ ತಾಸ ಆಗಿಲ್ರಿ."

ನನ್ನ ಮಾತುಗಳಿಂದ ಆಗದ ಉಪಕಾರ ನಾನು ಇಲ್ಲದ್ದರಿಂದ ಆಗಿತ್ತು.

ಪ್ರಿನ್ಸಿಪಾಲರು ನನ್ನ ಚಪ್ಪಲಿ ನೋಡಿದರು, ಹುಡುಗಿಯನ್ನು ನೋಡಿದರು, ವೇಳಾಪಟ್ಟಿಯಲ್ಲಿ ಇತಿಹಾಸವನ್ನು ಮೂರನೆಯ ತಾಸಿಗೆ ಹಾಕಿದರು. ಹಾಲ್ ಟಿಕೆಟ್ ಬಂತು. ವರ್ಷದ ವರದಿಯಲ್ಲಿ 'ಮಾರ್ಗದರ್ಶನದಿಂದಾದ ಪ್ರಯೋಜನ' ಎಂಬಲ್ಲಿ ಬಸಪ್ಪ ಬರೆದಿದ್ದ: 'ಅಧ್ಯಾಪಕರು ಒಂದು ದಿನ ತಡವಾಗಿ ಬಂದರು.'

ರೆಹಾನಾ ಪಾಸಾಗಿ ಧಾರವಾಡಕ್ಕೆ ಎಂ.ಎ. ಓದಲು ಹೋದಳು. ದೀಪಾವಳಿಯ ಮುಂದೆ ಅವಳ ಪತ್ರ ಬಂತು. ಹಾಸ್ಟೆಲಿನಿಂದ ಕ್ಲಾಸಿಗೆ ಐದು ನಿಮಿಷದ ನಡಿಗೆಯಂತೆ, ಒಂದು ತಾಸೂ ತಪ್ಪಿಲ್ಲವಂತೆ. 'ಇಲ್ಲಿಯ ಸರ್ ಒಬ್ಬರು ಮಾತ್ರ ದಿನಾ ತಡವಾಗಿ ಬರುತ್ತಾರೆ. ಅವರ ಹೆಂಡತಿಯ ತವರು ಯಾವ ಊರೋ ಕೇಳಬೇಕು' ಎಂದು ಬರೆದಿದ್ದಳು.

ಪತ್ರವನ್ನು ಓದಿ ಹೇಳಿದ್ದು ನನ್ನ ಹೆಂಡತಿ. ಕೊನೆಯ ಸಾಲನ್ನು ಎರಡು ಸಲ ಓದಿದಳು.