ಎಲ್ಲರ ಗಂಡನ ಹೆಸರೂ ನಲ್!

ಸೇಡಂನ ಕಾಲೇಜೊಂದರಲ್ಲಿ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆಯ ಪಾಠ ಮಾಡುತ್ತೇನೆ. ಮಕ್ಕಳಿಗೆ ಬರುತ್ತದೋ ಇಲ್ಲವೋ, ನನಗಂತೂ ಬರುತ್ತದೆ ಎಂಬ ದೃಢವಾದ ನಂಬಿಕೆ ಹೋದ ತಿಂಗಳವರೆಗೂ ಇತ್ತು.

ನನ್ನ ಹೆಂಡತಿ ಸುವರ್ಣಾ ನಮ್ಮ ಓಣಿಯ ರೊಟ್ಟಿ ಸಂಘದ ಅಧ್ಯಕ್ಷೆ. ಕೋಡ್ಲಾ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಕ್ಯಾಂಟೀನಿನವರು ದಿನಾ ಖಡಕ್ ರೊಟ್ಟಿ ಬೇಕೆಂದಿದ್ದರು. ಒಯ್ದು ಕೊಡುವವರಿಗೆ ಗೇಟ್ ಪಾಸ್ ಆಗಬೇಕು. ಅದಕ್ಕೆ ಸದಸ್ಯೆಯರ ಹೆಸರು, ಗಂಡನ ಹೆಸರು, ಫೋನ್ ನಂಬರು ಸಂಜೆ ಐದರೊಳಗೆ ಮುಟ್ಟಬೇಕು. ತಪ್ಪಿದರೆ ಆರ್ಡರು ಚಿತ್ತಾಪುರದ ಸಂಘಕ್ಕೆ!

“ಒಂದು ಹಾಳಿ ಮ್ಯಾಲ ಬರ್ಕೊಂಡು ಕಳಿಸಿಬಿಡ್ತೀನ್ರಿ,” ಅಂದಳು ಸುವರ್ಣಾ.

“ನಾ ಮನ್ಯಾಗ ಇರೂತನ ಹಾಳಿ ಯಾಕ? ವೆಬ್ ಫಾರ್ಮ್ ಮಾಡಿ ಕೊಡ್ತೀನಿ,” ಅಂದೆ.

ಮಾಡಿದೆ. ಕನ್ನಡ ಟೈಪ್ ಮಾಡುವ ತ್ರಾಸು ಬೇಡವೆಂದು ಪ್ರತಿ ಖಾನೆಗೂ ಮೈಕ್ ಇಟ್ಟೆ. ಒತ್ತಿ ಹೇಳಿದರೆ ಅಕ್ಷರ ತಾನೇ ಮೂಡುತ್ತದೆ. ಯಾರೂ ಟೈಪ್ ಮಾಡಿ ಕೆಡಿಸಬಾರದೆಂದು ಕೀಬೋರ್ಡನ್ನು ಬಂದ್ ಮಾಡಿದೆ. ಖಾನೆ ಖಾಲಿ ಬಿಟ್ಟರೆ ತಡೆಯುವ ಸಾಲನ್ನು ಮಾತ್ರ ಬರೆಯಲಿಲ್ಲ. ಗಂಡನ ಹೆಸರು ಯಾರಾದರೂ ಬಿಡುತ್ತಾರೆಯೇ?

ಮಧ್ಯಾಹ್ನ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದರು. ಕೆಲವರ ಅತ್ತೆಯರೂ ಬಂದಿದ್ದರು. ಮೊಬೈಲು ಅವರ ಕೈಗೆ ಕೊಟ್ಟು ನಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಗಂಭೀರವಾಗಿ ಕುಳಿತೆ.

ಹೆಸರು: ನೀಲಮ್ಮ. ಗಂಡನ ಹೆಸರು: ನಲ್! ಅಂದರೆ ಏನೂ ಇಲ್ಲ, ಶುದ್ಧ ಖಾಲಿ. ಎರಡನೆಯವರದೂ ನಲ್, ಮೂರನೆಯವರದೂ ನಲ್. ಓಣಿಯ ಗಂಡಸರೆಲ್ಲ ಒಮ್ಮೆಲೇ ಮಾಯ!

ಫಾರ್ಮಿನಲ್ಲಿ ತುಂಬಿದ್ದು ಜಾವಾದೊಳಗೆ ಹೋಗಿ ತನ್ನ ಜಾಗದಲ್ಲಿ ಕೂರಬೇಕು. ಅದೇ ಡೇಟಾ ಬೈಂಡಿಂಗ್. ಅದನ್ನೇ ನಾನು ಪಾಠ ಮಾಡುವುದು! ಹೊರಗೆ ಬಂದು ಮೊಬೈಲು ಇಸಿದುಕೊಂಡು “ನಾಗರಾಜ” ಎಂದು ನನ್ನ ಹೆಸರನ್ನೇ ಗಟ್ಟಿಯಾಗಿ ಹೇಳಿ ನೋಡಿದೆ. ಸರಿಯಾಗಿ ಬಂತು. ಅವರ ಕೈಗೆ ಕೊಟ್ಟು ಒಳಗೆ ಹೋಗಿ ನೋಡಿದೆ. ನಲ್.

ವಾಡಿಯಲ್ಲಿರುವ ಸಹೋದ್ಯೋಗಿಗೆ ಫೋನ್ ಹಚ್ಚಿದೆ. “ಸರ್ವರ್ ಬಂದ್ ಮಾಡಿ ಚಾಲೂ ಮಾಡ್ರಿ ಸರ,” ಅಂದ. ಮಾಡಿದೆ. “ಹಂಗಾದ್ರ ಜಾವಾ ಕೋಡ್ ಹೊಸದಾಗಿ ಬರೀರಿ,” ಅಂದ. ಬರೆದೆ. ಈಗ ಗಂಡಂದಿರ ಜೊತೆ ಹೆಂಡತಿಯರೂ ಮಾಯ! ಬೆವರು ಒರೆಸಿಕೊಂಡು ಹಳೆಯದನ್ನೇ ಮರಳಿ ಹಾಕಿದೆ. ಗಂಟೆ ನಾಲ್ಕು ದಾಟಿತ್ತು, ನನಗೆ ಅಳು ಬರುವುದೊಂದು ಬಾಕಿ.

“ಏನಾತ್ರಿ ಮಾಸ್ತರ್ರೆ?” ನೀಲಮ್ಮಕ್ಕ ಬಾಗಿಲಲ್ಲಿ ಇಣುಕಿದರು.

“ಗಂಡನ ಹೆಸರು ಬರವಲ್ದು ಅಕ್ಕಾ. ಭಾಳ ನೋಡಾಕತ್ತೀನಿ.”

“ಹೇಳಿದ್ರ ಬರ್ತಿತ್ತು. ನಾವು ಹೇಳೇ ಇಲ್ಲಲ್ರಿ!”

“ಯಾಕ?”

“ಅಯ್ಯ, ಅತ್ತೀ ಮುಂದ, ನಾಕು ಮಂದ್ಯಾಗ, ಗಂಡನ ಹೆಸರು ಹೆಂಗ ಹೇಳೂದ್ರಿ? ಬರಿ ಅಂದ್ರ ಬರೀತಿದ್ವಿ. ನೀವು ಬಾಯಿಲೆ ಹೇಳು ಅಂದ್ರಿ!”

ಕೀಬೋರ್ಡ್ ಮತ್ತೆ ಚಾಲೂ ಮಾಡಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬುದ್ಧಿವಂತನಿಗೆ ಸುಲಭದ ದಾರಿ ಕಾಣುವುದಿಲ್ಲ. “ಮದುವ್ಯಾಗ ಒಡಪು ಕಟ್ಟಿ ಅದರಾಗ ಗಂಡನ ಹೆಸರು ಹೇಳ್ತೀರಲ್ಲ, ಹಂಗ ಹೇಳ್ರಿ!” ಅಂದೆ.

ಪಡಸಾಲೆಗೆ ಕಳೆ ಬಂತು. ನೀಲಮ್ಮಕ್ಕ ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು:

“ಕಾಗಿಣಾ ಹೊಳ್ಯಾಗ ತುಂಬ್ಯಾದ ನೀರ,
ಶರಣಪ್ಪನವರು ನನ್ನ ಕೊರಳಿನ ಹಾರ!”

ಅತ್ತೆಯರೂ ಚಪ್ಪಾಳೆ ಹೊಡೆದರು. ಮೈಕ್ ಇಡೀ ಒಡಪನ್ನೇ ನುಂಗಿತು. ಅಷ್ಟುದ್ದದ ಗಂಡನಿಗೆ ಡೇಟಾಬೇಸಿನಲ್ಲಿ ಜಾಗವಿಲ್ಲದೆ ಮತ್ತೆ ಎರರ್! ಖಾನೆ ಅಗಲ ಮಾಡಿದೆ. ಒಬ್ಬೊಬ್ಬರದೇ ಸೇವ್ ಆಗುತ್ತ ಹೋಯಿತು. ಕೊನೆಗೆ ಸುವರ್ಣಾಳ ಪಾಳಿ. ಅವಳು ಏನು ಹೇಳಿದಳೋ, ಹೊರಗೆ ನಗುವೋ ನಗು. ಐದು ಬಡಿಯಲು ಬಂದಿತ್ತು. ಓದಿ ನೋಡದೆ ಕಳಿಸಿಬಿಟ್ಟೆ.

ಆರ್ಡರು ಸಿಕ್ಕಿತು, ಪಾಸೂ ಬಂದವು. ಕ್ಯಾಂಟೀನಿನವರು ಒಂದಕ್ಷರ ಬಿಡದೆ ಅಚ್ಚು ಹಾಕಿಸಿದ್ದರು. ಮೊದಲ ದಿನ ಸುವರ್ಣಾಳನ್ನೂ ರೊಟ್ಟಿಯ ಗಂಟನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ನಾನೇ ಹೋದೆ. ಗೇಟಿನ ಕಾವಲುಗಾರ ಪಾಸು ಹಿಡಿದು ಗಟ್ಟಿಯಾಗಿ ಓದಿದ:

“ಸಂತ್ಯಾಗ ತಂದೀನಿ ಎಳಿ ಬದ್ನಿಕಾಯಿ,
ನಾಗರಾಜರಿಗಿ ಕಂಪ್ಯೂಟರ್ ಅದ, ಕೇಳಾಕ ಇಲ್ಲ ಬಾಯಿ!”

ಆಮೇಲೆ ನನ್ನನ್ನೇ ದಿಟ್ಟಿಸಿದ. “ಆ ನಾಗರಾಜರು ನೀವೇ ಏನ್ರಿ?”

“ಅಲ್ರಿ,” ಅಂದೆ, “ನಾ ಬರೀ ಡ್ರೈವರ್.”

ಅಂದಿನಿಂದ ಗೇಟಿನಲ್ಲಿ ನಾನು ಹೆಲ್ಮೆಟ್ ತೆಗೆಯುವುದಿಲ್ಲ.