ನೆಮ್ಮದಿಯ ಗೋದಾಮು

ಇಸ್ತ್ರಿ ಪೆಟ್ಟಿಗೆ ಕೇಳಲು ಛತ್ರಿ ಮಹಡಿ ಹತ್ತಿದ್ದೇ ತಪ್ಪಾಯಿತು.

ಬೇರೆ ದಿನವಾಗಿದ್ದರೆ ಶರ್ಟನ್ನು ಹಾಸಿಗೆಯ ಕೆಳಗಿಟ್ಟು ಮಲಗಿ, ಬೆಳಿಗ್ಗೆ ಅದಕ್ಕೆ ಎಷ್ಟು ಮಡಿಕೆ ಬಿದ್ದಿರುತ್ತದೋ ಅಷ್ಟೇ ಸಾಕೆಂದು ತೊಟ್ಟು ಹೊರಡುವ ಮನುಷ್ಯ. ಛತ್ರಿ ಆತನ ನಿಜವಾದ ಹೆಸರಲ್ಲ. ಕೊಡೆ ಕಂಪನಿಯಲ್ಲಿ ಕೆಲಸ ಮಾಡುತ್ತಾನೆಂದು ವಠಾರದವರು ಇಟ್ಟದ್ದು. ಛತ್ರಿ ಅನ್ನಿಸಿಕೊಳ್ಳಲು ಬೇಕಾದ ಕಿಲಾಡಿತನ ಮಾತ್ರ ಆತನ ಹತ್ತಿರ ಸುಳಿದಿರಲಿಲ್ಲ. ತರಕಾರಿಯವಳು ಕೊಳೆತ ಟೊಮೇಟೊ ತೂಗಿದರೂ 'ಅವಳಾದರೂ ಏನು ಮಾಡಿಯಾಳು ಪಾಪ' ಎಂದು ಚೀಲ ಒಡ್ಡುವ ಪೈಕಿ.

ಕೊಡೆ ಕಂಪನಿಯಲ್ಲಿ ಆತನ ಕೆಲಸ, ಗಿರಾಕಿಗಳು ವಾಪಸು ಮಾಡಿದ ಕೊಡೆಗಳನ್ನು ಒಂದೊಂದಾಗಿ ಬಿಚ್ಚಿ, ಮುಚ್ಚಿ, ಯಾವ ಕಡ್ಡಿ ಮುರಿದಿದೆ ಎಂದು ನೋಡಿ ಚೀಟಿ ಅಂಟಿಸುವುದು. ಬಿಚ್ಚು, ಮುಚ್ಚು, ಅಂಟಿಸು. ಯೌವನದಲ್ಲಿ ಬಿಚ್ಚಲು ಶುರುಮಾಡಿದವನು ತಲೆ ನರೆಯುವ ಹೊತ್ತಿಗೂ ಮುಚ್ಚುತ್ತಲೇ ಇದ್ದ. ಗೋದಾಮಿಗೆ ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದು ಕೊಡೆಯವನಿಗೇ ತಿಳಿಯುತ್ತಿರಲಿಲ್ಲ. ಬೈಗುಳಕ್ಕೆ ಮಾತ್ರ ಮಳೆಗಾಲ, ಬೇಸಿಗೆ ಎಂಬ ಭೇದವಿರಲಿಲ್ಲ. ಮ್ಯಾನೇಜರು ಬಾಗಿಲಲ್ಲಿ ನಿಂತು "ಏಯ್" ಎಂದರೆ ಕಟ್ಟಿಟ್ಟ ಕೊಡೆಗಳೂ ಬೆಚ್ಚಿ ಬಿಚ್ಚಿಕೊಳ್ಳುತ್ತಿದ್ದವು.

ಇಷ್ಟರ ನಡುವೆಯೂ ಆತ ಬದುಕಿ ಉಳಿದದ್ದು ಕಸದ ಬುಟ್ಟಿಯಿಂದ. ಮುರಿದ ಕಡ್ಡಿಗಳನ್ನೂ ಹರಿದ ಬಟ್ಟೆಯನ್ನೂ ಮನೆಗೆ ತಂದು, ಬಗ್ಗಿಸಿ ಹೊಲಿದು, ಆಟಿಕೆ ಮಾಡುತ್ತಿದ್ದ. ರೆಕ್ಕೆ ಬಡಿಯುವ ಹಕ್ಕಿ, ತಲೆಯಾಡಿಸುವ ಕುದುರೆ. ಕೈಯಲ್ಲಿ ಇಕ್ಕಳ ಹಿಡಿದಾಗ ಮಾತ್ರ ಆತನ ಮುಖಕ್ಕೆ ಯಾರೋ ದೀಪ ಹಚ್ಚಿದ ಹಾಗಾಗುತ್ತಿತ್ತು. ಹೀಗಿರಲು ಪಟ್ಟಣದ ಆಚೆ ತುದಿಯ ಆಟಿಕೆ ಕಂಪನಿಗೆ ಹೊಸ ಆಟಿಕೆಗಳ ಮಾದರಿ ತಯಾರಿಸುವವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಛತ್ರಿ ಅರ್ಜಿ ಹಾಕಿದ. ಕರೆ ಬಂತು. ಹಲ್ಲು ಕೀಳಿಸಬೇಕೆಂದು ಮ್ಯಾನೇಜರಿಗೆ ಹೇಳಿ ರಜೆ ಪಡೆದ. ಆ ದಿನ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಗೆಂದು ಮಹಡಿ ಹತ್ತಿದ.

ಮಹಡಿಯಲ್ಲಿದ್ದವರು ನಿವೃತ್ತ ಡ್ರಿಲ್ ಮಾಸ್ತರು. ಬಚ್ಚಲಿಗೆ ಹೋಗುವಾಗಲೂ ಎಡ–ಬಲ ತಪ್ಪದ ಆಸಾಮಿ.

"ಇಸ್ತ್ರಿ ಪೆಟ್ಟಿಗೆನಾ? ಯಾರ ಮದುವೆ?"

"ಮದುವೆ ಅಲ್ಲ ಸರ್... ಸುಮ್ನೆ."

"ಸುಮ್ನೆ ಯಾರಾದ್ರೂ ಇಸ್ತ್ರಿ ಹಾಕ್ತಾರೇನಪ್ಪಾ? ನನ್ನ ಮುಖ ನೋಡಿ ಹೇಳು."

ಛತ್ರಿಗೆ ಸುಳ್ಳು ಒಗ್ಗುತ್ತಿರಲಿಲ್ಲ. ಇದ್ದ ಒಂದನ್ನು ಹಲ್ಲಿನ ಹೆಸರಲ್ಲಿ ಖರ್ಚು ಮಾಡಿಯಾಗಿತ್ತು. "ಇಂಟರ್‌ವ್ಯೂ ಇದೆ ಸರ್. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಮಾಸ್ತರು ಯಾರಿಗೂ ಹೇಳಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿದರು, ಅಷ್ಟೆ. "ನಮ್ಮ ಛತ್ರಿ ಇಂಟರ್‌ವ್ಯೂಗೆ ಹೋಗ್ತಾ ಇದಾನ್ರಪ್ಪೋ!" ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಎಲ್ಲ ಬಾಗಿಲಲ್ಲೂ ಒಂದೊಂದು ಸಲಹೆ ನಿಂತಿತ್ತು.

ಇಸ್ತ್ರಿ ಪೆಟ್ಟಿಗೆಯ ಜೊತೆಗೆ ಮಾಸ್ತರೂ ಇಳಿದು ಬಂದರು. ಛತ್ರಿ ತನ್ನ ಒಂದೇ ಒಂದು ಒಳ್ಳೆಯ ಶರ್ಟನ್ನು ಹರಡಿ ಶುರುಮಾಡಿದ್ದಷ್ಟೇ, "ಮೊದಲ ನೋಟ ಅನ್ನೋದು ಕೈ ಕುಲುಕೋದ್ರಲ್ಲಿದೆ. ಎಲ್ಲಿ, ಕುಲುಕು ನೋಡೋಣ" ಎಂದು ಕೈ ಚಾಚಿದರು.

ಛತ್ರಿ ಕೊಟ್ಟ.

"ಏನಪ್ಪಾ ಇದು, ನೆಂದ ಕರವಸ್ತ್ರ ಹಿಡಿದ ಹಾಗಿದೆ! ಗಟ್ಟಿಯಾಗಿ! ಬೆನ್ನು ನೆಟ್ಟಗೆ! ಎದೆ ಮುಂದೆ! ಇನ್ನೊಂದ್ಸಲ!"

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ರೀ, ಏನೋ ಸೀದ ವಾಸನೆ ಬರ್ತಿದೆ ನೋಡ್ರಿ."

ಬಂದು ನೋಡಿದರೆ ಇಬ್ಬರೂ ಕೈ ಕುಲುಕುತ್ತಲೇ ಇದ್ದರು. ಇಸ್ತ್ರಿ ಪೆಟ್ಟಿಗೆ ಶರ್ಟಿನ ಎದೆಯ ಮೇಲೆ ನೆಮ್ಮದಿಯಾಗಿ ಕೂತಿತ್ತು. ಎತ್ತಿದಾಗ, ಹೃದಯವಿರುವ ಜಾಗದಲ್ಲಿ ದೋಣಿಯಾಕಾರದ ಕಂದು ಕಲೆ.

"ಬಟ್ಟೆ ತೆಳು," ಎಂದು ಮಾಸ್ತರು ತೀರ್ಪು ಕೊಟ್ಟು, ಪೆಟ್ಟಿಗೆ ಎತ್ತಿಕೊಂಡು ಎಡ–ಬಲ ಹೊರಟೇಬಿಟ್ಟರು.

ಛತ್ರಿ ಕುಸಿದು ಕೂತ. "ನನ್ನ ಹಣೇಲಿ ಬರೆದಿಲ್ಲ ಕಣೇ. ನಾಳೆ ಹೋಗಿ ಕೊಡೆ ಬಿಚ್ತೀನಿ, ಅಷ್ಟೇ ನನ್ನ ಬಾಳು."

ಅಷ್ಟರಲ್ಲಿ ಎದುರುಮನೆಯಿಂದ ಭಾವಮೈದ ತನ್ನ ಕೋಟು ಹಿಡಿದು ಓಡಿಬಂದ. ಮನೆಮನೆಗೆ ನೀರಿನ ಫಿಲ್ಟರ್ ಮಾರುವ ಆತನಿಗೆ ಕಂಪನಿಯವರು ವ್ಯಕ್ತಿತ್ವ ವಿಕಸನದ ತರಬೇತಿ ಕೊಡಿಸಿದ್ದರು. ಅಂದಿನಿಂದ ಆತನ ವ್ಯಕ್ತಿತ್ವ ವಿಕಸಿಸಿ ವಿಕಸಿಸಿ ಅಕ್ಕನ ಮನೆಯವರೆಗೂ ಬಂದು ಮುಟ್ಟಿತ್ತು.

"ಭಾವ, ಕೋಟು ಹಾಕ್ಕೊಳ್ಳಿ. ಸುಟ್ಟಿದ್ದೂ ಮುಚ್ಚತ್ತೆ, ಗತ್ತೂ ಬರತ್ತೆ."

ಭಾವಮೈದನೋ ಕೊಡೆಯ ಹಿಡಿಯಂಥವನು. ಭಾವನೋ ಬಿಚ್ಚಿದ ಕೊಡೆ. ಮೂವರೂ ಸೇರಿ ಕೋಟನ್ನು ಏರಿಸುವಷ್ಟರಲ್ಲಿ ಬೆವರು ಕಿತ್ತುಕೊಂಡಿತು. ಏರಿತೇನೋ ಸರಿ, ಆದರೆ ತೋಳುಗಳು ಪಕ್ಕೆಗೆ ಕಚ್ಚಿಕೊಂಡು ಮೊಣಕೈಯಿಂದ ಕೆಳಗೆ ಮಾತ್ರ ಆಡುತ್ತಿದ್ದವು.

"ಬಹಳ ಚೆನ್ನಾಗಿದೆ," ಎಂದ ಭಾವಮೈದ. "ಇನ್ನು ಮುಖ್ಯವಾದ್ದು ಕೇಳಿ. ಈಗಿನ ಕೆಲಸ ಯಾಕೆ ಬಿಡ್ತೀರಾ ಅಂತ ಕೇಳ್ತಾರೆ. ಅದು ಬಲೆ! ಒಂದೇ ಒಂದು ಕೆಟ್ಟ ಮಾತು ಬಾಯಿಂದ ಬರಕೂಡದು. ಹೊಗಳಿ. ಬಾಯ್ತುಂಬ ಹೊಗಳಿ."

"ಅಲ್ಲಯ್ಯಾ, ಅಷ್ಟು ಚೆನ್ನಾಗಿದ್ರೆ ಬಿಡೋದ್ಯಾಕೆ ಅನ್ನಲ್ವಾ?"

"ಅದನ್ನೆಲ್ಲ ಯೋಚಿಸ್ಬಾರ್ದು ಭಾವ. ತರಬೇತೀಲಿ ಹಾಗೇ ಹೇಳಿದ್ದು."

ಹೆಂಡತಿ ಮಾತ್ರ ಏನೂ ಬೋಧಿಸಲಿಲ್ಲ. ಪುಟ್ಟ ಕುದುರೆಯೊಂದನ್ನು ತಂದು ಕೋಟಿನ ಒಳಜೇಬಿನಲ್ಲಿಟ್ಟಳು. "ನೀವು ಜಾಸ್ತಿ ಮಾತಾಡ್ಬೇಡಿ. ಇದನ್ನ ತೆಗೆದು ಮೇಜಿನ ಮೇಲಿಡಿ, ಸಾಕು."

ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿತು, ಮೇಲಿನ ಕಂಬಿ ಹಿಡಿಯಲು ಕೈ ಏರಲಿಲ್ಲ. ಮೊದಲ ತಿರುವಿನಲ್ಲೇ ದಪ್ಪ ಹೆಂಗಸೊಬ್ಬಳ ಮಡಿಲಿಗೆ ಮೂಟೆಯಂತೆ ಉರುಳಿದ.

"ಕೈ ಇಲ್ವೇನ್ರಿ ನಿಮಗೆ?"

"ಇದೆ ತಾಯಿ. ಮೇಲೆ ಬರಲ್ಲ."

ಹೆಂಗಸಿನ ಸಿಟ್ಟು ಕರಗಿ ನೀರಾಯಿತು. "ಅಯ್ಯೋ ಪಾಪ, ಹುಟ್ಟಿದಾಗಿಂದ್ಲಾ?" ಎಂದು ಎದ್ದು ಜಾಗ ಕೊಟ್ಟಳು. ಕಂಡಕ್ಟರನೂ ಟಿಕೆಟ್ಟನ್ನು ಆತನ ಬಾಯಿಗೇ ಸಿಕ್ಕಿಸಿ ಹೋದ.

ಆಟಿಕೆ ಕಂಪನಿ ಎಂದರೆ ನಗುವ ಬಣ್ಣಬಣ್ಣದ ಮನೆಯೆಂದು ಛತ್ರಿ ಕನಸು ಕಂಡಿದ್ದ. ಬಾಗಿಲು ದಾಟಿದ್ದೇ ತಡ, ಪೀಪಿ, ಗಿಲಕಿ, ತಮಟೆ, ಅಳುವ ಗೊಂಬೆಗಳು ಒಟ್ಟಿಗೇ ಕಿವಿಗೆ ನುಗ್ಗಿದವು. ಗೋಡೆಯಾಚೆ ತಯಾರಾದ ಪ್ರತಿಯೊಂದನ್ನೂ ಊದಿ, ಬಡಿದು, ಅಳಿಸಿ ಪರೀಕ್ಷಿಸುತ್ತಿದ್ದರು. ಛತ್ರಿಗೆ ಅದೂ ಸಂಗೀತವೇ. ಎದೆ ಉಬ್ಬಿತು. ಕೋಟಿನ ಒಂದು ಗುಂಡಿ ಹಾರಿಹೋಯಿತು.

ಸಂದರ್ಶನ ಮಾಡುವ ಅಧಿಕಾರಿಯ ಕಣ್ಣ ಸುತ್ತ ಮಸಿ ಬಳಿದಂತೆ ಕಪ್ಪಾಗಿತ್ತು. ಕಿವಿಯಲ್ಲಿ ಹತ್ತಿ. ಆತ ಕುರ್ಚಿ ತೋರಿಸಿದ. ಛತ್ರಿ ಬೆನ್ನು ನೆಟ್ಟಗೆ ಮಾಡಿ, ಎದೆ ಮುಂದೆ ಮಾಡಿ ಕೂತ.

"ಕ್ವಾಕ್," ಎಂದಿತು ಕುರ್ಚಿ.

ಕುರ್ಚಿಯ ಮೇಲೆ ಯಾರೋ ರಬ್ಬರ್ ಬಾತುಕೋಳಿ ಮರೆತಿದ್ದರು. ಏಳಬೇಕೇ? ಎದ್ದರೆ ಮೊದಲ ನೋಟ ಕೆಟ್ಟೀತು. ಉಸಿರು ಬಿಗಿಹಿಡಿದು ಕೂತ. ಉಸಿರು ಬಿಟ್ಟಾಗೆಲ್ಲ ಬಾತುಕೋಳಿ ಸಣ್ಣಗೆ ನರಳಿತು. ಅಧಿಕಾರಿಯ ಮುಖ ಕದಲಲಿಲ್ಲ.

ಕುದುರೆ! ಕುದುರೆ ತೆಗೆಯಬೇಕು. ಛತ್ರಿ ಬಲಗೈಯನ್ನು ಎದೆಯತ್ತ ಒಯ್ದ. ಬೆರಳು ಮೂರನೆಯ ಗುಂಡಿಯವರೆಗೆ ಬಂದು ನಿಂತಿತು. ಎಡಗೈಯಿಂದ ನೂಕಿದ. ಓರೆಯಾದ. "ಕ್ವಾಕ್."

"ತುರಿಕೆನಾ?" ಎಂದ ಅಧಿಕಾರಿ.

"ಇಲ್ಲ ಸರ್," ಎಂದು ಕೈ ಇಳಿಸಿದ. ಜೇಬಿನೊಳಗೆ ಕುದುರೆ ತಲೆಯಾಡಿಸುತ್ತಿರುವುದು ಎದೆಗೆ ತಾಗುತ್ತಿತ್ತು. ಗೇಣು ದೂರದಲ್ಲಿತ್ತು ಆತನ ಬಾಳು. ಕೈಗೆ ಎಟುಕಲಿಲ್ಲ. ಕಣ್ಣು ತುಂಬಿ ಬಂತು.

"ಈಗಿರೋ ಕೆಲಸ ಯಾಕೆ ಬಿಡ್ತೀರಾ?"

ಬಲೆ! ಕುದುರೆಯಂತೂ ಹೋಯಿತು, ಮಾತಾದರೂ ಉಳಿಯಲಿ. ಛತ್ರಿ ಕಣ್ಣು ಮುಚ್ಚಿ ಧುಮುಕಿದ. "ನಮ್ಮ ಗೋದಾಮು ಅಂದ್ರೆ ಸ್ವರ್ಗ ಸರ್."

ಅಧಿಕಾರಿ ಒಂದು ಕಿವಿಯ ಹತ್ತಿ ತೆಗೆದ. "ಏನಂದ್ರಿ?"

"ಎಷ್ಟು ನಿಶ್ಶಬ್ದ ಅಂದ್ರೆ, ಗೋಡೆ ಮೇಲೆ ಹಲ್ಲಿ ನಡೆದ್ರೆ ಕೇಳಿಸತ್ತೆ. ತಂಪು. ಒಂದು ಕೊಡೆ ತಗೋತೀವಿ, ಬಿಚ್ತೀವಿ. ಹೂವು ಅರಳಿದ ಹಾಗೆ. ಮುಚ್ತೀವಿ. ಮನಸ್ಸು ಸಮಾಧಾನ ಆಗತ್ತೆ."

ಎರಡನೆಯ ಹತ್ತಿಯೂ ಹೊರಬಂತು. "ಮ್ಯಾನೇಜರು?"

"ಒಡಹುಟ್ಟಿದ ಅಣ್ಣ ಸರ್. ಗಟ್ಟಿಯಾಗಿ ಮಾತೇ ಆಡಲ್ಲ. ಸೂಪರ್‌ವೈಸರ್ ಜಾಗ ಖಾಲಿ ಇದೆ, ನಿನ್ನನ್ನೇ ಕೂರಿಸ್ತೀನಿ ಅಂತ ಬೆನ್ನು ಬಿದ್ದಿದಾರೆ."

ಅಧಿಕಾರಿ ಮೇಜಿನ ಮೇಲೆ ಬಗ್ಗಿ ಕೇಳುತ್ತಿದ್ದ. ಅತ್ತ ಗೋಡೆಯಾಚೆ ಗೊಂಬೆಯೊಂದು ಅಮ್ಮಾ ಎಂದು ಕಿರುಚಿತು. ಆತನ ರೆಪ್ಪೆ ಅದುರಿತು. "ಹಲ್ಲಿ ನಡೆದ್ರೆ ಕೇಳಿಸತ್ತೆ..." ಎಂದು ತನ್ನಷ್ಟಕ್ಕೆ ಅಂದುಕೊಂಡ. "ನಿಮ್ಮ ಗೋದಾಮು ಎಲ್ಲಿ ಬರತ್ತೆ?"

ಛತ್ರಿ ವಿಳಾಸ ಹೇಳಿದ.

"ಕೂತಿರಿ, ಬಂದೆ," ಎಂದು ಅಧಿಕಾರಿ ಎದ್ದು ಹೋದ.

ಛತ್ರಿ ಕೂತ. ಮೆಚ್ಚಿದ್ದಾರೆ! ಜನ್ಮದಲ್ಲಿ ಯಾರೂ ತನ್ನ ಮಾತನ್ನು ಹೀಗೆ ಬಾಯಿಬಿಟ್ಟುಕೊಂಡು ಕೇಳಿರಲಿಲ್ಲ. ಈಗ ಆರ್ಡರು ತರುತ್ತಾರೆ, ನಾಳೆಯಿಂದ ಹಕ್ಕಿ, ಕುದುರೆ... ಗಡಿಯಾರ ಊಟದ ಹೊತ್ತು ದಾಟಿಸಿತು. ನೆಲ ಒರೆಸುವವಳು ಬಂದು ಕಾಲೆತ್ತಲು ಹೇಳಿದಳು.

"ಅಮ್ಮಾ, ಸಾಹೇಬ್ರು ಎಲ್ಲಿ?"

"ಅವರು ಚೀಲ ತಗೊಂಡು ಆಗ್ಲೇ ಹೋದ್ರಲ್ಲ. ಯಾವುದೋ ಕೊಡೆ ಗೋದಾಮು ಎಲ್ಲಿದೆ ಅಂತ ಆಟೋದವನ್ನ ಕೇಳ್ತಿದ್ರು."

ಛತ್ರಿಯ ಜೀವ ಬಾಯಿಗೆ ಬಂತು. ವಿಚಾರಿಸಲು ಹೋಗಿದ್ದಾರೆ! ಮ್ಯಾನೇಜರ ಬಳಿಗೆ! ಹಲ್ಲಿನ ಸುಳ್ಳು, ಅಣ್ಣನ ಸುಳ್ಳು, ಎರಡೂ ಈಗ ಒಂದನ್ನೊಂದು ಭೇಟಿಯಾಗುತ್ತವೆ. ಇಲ್ಲಿನ ಕೆಲಸ ಸಿಗುವುದಿರಲಿ, ಅಲ್ಲಿನದೂ ಹೋಗುತ್ತದೆ. "ಕ್ವಾಕ್," ಎಂದು ಎದ್ದು ಓಡಿದ.

ಗೋದಾಮಿನ ಬಾಗಿಲಲ್ಲಿ ಕರವಸ್ತ್ರ ತೆಗೆದು ಗದ್ದಕ್ಕೂ ತಲೆಗೂ ಸೇರಿಸಿ ಕಟ್ಟಿಕೊಂಡ. ಅದಕ್ಕೆ ಕೈ ಎತ್ತಬೇಕಾಯಿತು. ಬೆನ್ನ ಮೇಲೆ ಕೋಟು ಪರ್ ಎಂದು ಎರಡು ಹೋಳಾಯಿತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಕೈಗಳು ಬಿಡುಗಡೆಯಾದವು. ಕುದುರೆ ತೆಗೆಯಲು ಈಗ ಯಾವ ಅಡ್ಡಿಯೂ ಇರಲಿಲ್ಲ. ತೋರಿಸಲು ಯಾರೂ ಇರಲಿಲ್ಲ.

ಮ್ಯಾನೇಜರ ಕೋಣೆಯೊಳಗಿಂದ ನಗು ಕೇಳಿಸಿತು. ಆ ಕೋಣೆಯಲ್ಲಿ ನಗು! ಇಣುಕಿದ. ಅಧಿಕಾರಿ ಕಾಲು ಚಾಚಿ ಟೀ ಕುಡಿಯುತ್ತಿದ್ದ. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಬಾಪ್ಪಾ, ಬಾ! ಹಲ್ಲು ಹೇಗಿದೆ?"

"ಹ್ಞೂಂ," ಎಂದ ಛತ್ರಿ, ಗದ್ದ ಕಟ್ಟಿದ್ದರಿಂದ.

"ಮಾತಾಡ್ಬೇಡ, ನೋವಾಗತ್ತೆ. ಎಲ್ಲ ಇವರು ಹೇಳಿದ್ರು. ನೋವಿನ ಹಲ್ಲು ಇಟ್ಕೊಂಡು ಇನ್ನೊಂದು ಕಂಪನಿಗೆ ಹೋಗಿ ನನ್ನನ್ನ ಒಡಹುಟ್ಟಿದ ಅಣ್ಣ ಅಂದ್ಯಂತೆ. ಸ್ವಂತ ತಮ್ಮ ನನ್ನ ಜೊತೆ ಮಾತು ಬಿಟ್ಟು ವರ್ಷಗಳಾದ್ವು ಕಣಯ್ಯಾ. ಈ ಗೋದಾಮು ಸ್ವರ್ಗ ಅಂದ್ಯಂತೆ!"

ಅಧಿಕಾರಿ ಕಪ್ಪು ಕೆಳಗಿಟ್ಟ. "ನಿಮಗೆ ನಾನು ಋಣಿ. ಇಂಥಾ ಸುಖ ಬಿಟ್ಟು ನೀವು ಆ ಗದ್ದಲಕ್ಕೆ ಬಂದು ಬೀಳೋದು ನೋಡಿ ನನಗೆ ಮನಸ್ಸು ತಡೀಲಿಲ್ಲ. ಈ ಮನುಷ್ಯನನ್ನ ಮಾತ್ರ ಯಾವ ಕಾರಣಕ್ಕೂ ತಗೋಬೇಡಿ ಅಂತ ನಮ್ಮ ಮಾಲೀಕರ ಹತ್ರ ಆಣೆ ಹಾಕಿಸ್ಕೊಂಡು, ನಾನೂ ಕೆಲಸ ಬಿಟ್ಟು ಬಂದೆ."

ಛತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಸೂಪರ್‌ವೈಸರ್ ಜಾಗ ನಿಜಕ್ಕೂ ನಿನಗೇ ಕೊಡೋಣ ಅಂತಿದ್ದೆ," ಎಂದರು ಮ್ಯಾನೇಜರು. "ನಿನಗೆ ಹೇಳಿರಲಿಲ್ಲ, ಆದ್ರೂ ನಿನಗೆ ಹೇಗೋ ಗೊತ್ತಾಗಿದೆ. ಆದ್ರೆ ಕೊಡೆ ಬಿಚ್ಚೋದ್ರಲ್ಲೇ ನಿನಗೆ ಅಷ್ಟು ಸಮಾಧಾನ ಇದೆ ಅಂದ್ಮೇಲೆ ನಿನ್ನನ್ನ ಅಲ್ಲಿಂದ ಎಬ್ಬಿಸೋಕೆ ನನಗೆ ಮನಸ್ಸಾಗ್ಲಿಲ್ಲ. ಆ ಜಾಗ ಇವರಿಗೆ ಕೊಟ್ಟಿದೀನಿ. ಹೋಗು, ನಿಮ್ಮ ಸಾಹೇಬ್ರಿಗೆ ಗೋದಾಮು ತೋರಿಸು."

ಹೊಸ ಸಾಹೇಬರು ಗೋದಾಮಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮುಖದಲ್ಲಿ ಹಸೆಮಣೆ ಏರಿದವರ ಕಳೆ. ಛತ್ರಿ ಎದುರಿಗೆ ನಿಂತು ಒಂದು ಕೊಡೆ ಬಿಚ್ಚಿದ. ಮುಚ್ಚಿದ. ಚೀಟಿ ಅಂಟಿಸಿದ. ಇನ್ನೊಂದು ಬಿಚ್ಚಿದ. ಸಾಹೇಬರು ಕತ್ತು ಚಾಚಿ, ರೆಪ್ಪೆ ಬಡಿಯದೆ ನೋಡಿದರು. ಬಾಗಿಲಲ್ಲಿ ಮ್ಯಾನೇಜರ ಹಳೆಯ ದನಿ "ಏಯ್, ಆ ಮೂಟೆ ಯಾರು ನಿಮ್ಮಪ್ಪ ಬಿಚ್ತಾನಾ?" ಎಂದು ಇನ್ನಾರಿಗೋ ಗುಡುಗಿತು. ಒಡಹುಟ್ಟಿದ ಅಣ್ಣತನ ಅಷ್ಟರಲ್ಲೇ ಮುಗಿದಿತ್ತು.

ಕೊಡೆಗಳ ರಾಶಿ ಕರಗಲಿಲ್ಲ. ಸಾಹೇಬರು ಮೊದಲು ಕಾಲು ಬದಲಿಸಿದರು. ಆಮೇಲೆ ಕುರ್ಚಿ ಬದಲಿಸಿದರು. ಸಂಜೆಯಾಗುತ್ತ ಬಂದಂತೆ ಅವರ ಮುಖದ ಕಳೆ ಒಂದೊಂದೇ ಕಡ್ಡಿ ಮುರಿದ ಹಾಗೆ ಇಳಿಯುತ್ತ ಬಂತು. ಕೊನೆಗೆ ಎದ್ದು ಬಂದು, ಯಾರಿಗೂ ಕೇಳಿಸದಂತೆ ಛತ್ರಿಯ ಕಿವಿಯ ಬಳಿ ಬಗ್ಗಿದರು.

"ರೀ, ನೀವು ಹೇಳಿದ್ರಲ್ಲ, ಆ ಸಮಾಧಾನ... ಅದು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಶುರುವಾಗತ್ತೆ?"

ಛತ್ರಿ ಗದ್ದದ ಕಟ್ಟು ಸಡಿಲಿಸಿದ. ನಿಜ ಹೇಳಬಹುದಿತ್ತು. ಆದರೆ ಈಗ ಇವರು ಮೇಲಧಿಕಾರಿ. ಅವರೆದುರು ಕೆಲಸದ ಬಗ್ಗೆ ಕೆಟ್ಟ ಮಾತು ಆಡುವುದೆಂತು?

"ಇವತ್ತು ಸ್ವಲ್ಪ ತಡವಾಗಿದೆ ಸರ್," ಎಂದ. "ನಾಳೆ ನೋಡೋಣ."